ಮೀಟರಿಗೆ ಅರ್ಧ ಅಂಕ

ಸಾನ್ ಹೋಸೆಯ ನಮ್ಮ ಹಿತ್ತಲಲ್ಲಿ ಕರಿಬೇವು ಕುಂಡದಲ್ಲಿ ಬೆಳೆಯುತ್ತದೆ, ಹರಟೆ ಬೇಲಿಯ ಮೇಲೆ. ಪಕ್ಕದ ಮನೆಗೆ ಮಗಳ ಬಾಣಂತನಕ್ಕೆಂದು ಹಾಸನದಿಂದ ದಂಪತಿ ಬಂದಿದ್ದಾರೆ. ಬಾಣಂತನ ಮಾಡುವವರು ಆಕೆ. ಗಣಿತದ ಮೇಷ್ಟ್ರಾಗಿ ನಿವೃತ್ತರಾದ ಯಜಮಾನರಿಗೆ ಸದ್ಯದ ಉದ್ಯೋಗ ನನ್ನ ಬೇಲಿ. ಭಾನುವಾರ ಸಂಜೆ ಕಾರಿನಿಂದ ಉದ್ದನೆಯ ಚೀಲ ಇಳಿಸುವಾಗ ಸಿಕ್ಕಿಬಿದ್ದೆ.

"ಒಗ್ಗರಣೆಗೆ ನಾಲ್ಕೆಲೆ ಬೇಕಿತ್ತು. ಅದೇನು, ತಂಬೂರಿಯೇ?"

ವಿಮಾನ ಎಂದೆ. ರೆಕ್ಕೆ ಜೋಡಿಸಿದರೆ ತುದಿಯಿಂದ ತುದಿಗೆ ನಾಲ್ಕು ಮೀಟರ್, ಒಟ್ಟು ತೂಕ ಒಂದೂವರೆ ಕಿಲೋ ಒಳಗೆ. ರೆಕ್ಕೆಯ ಒಂದು ತುಂಡನ್ನು ಕೈಗಿತ್ತೆ. "ತೆಂಗಿನಕಾಯಿಯಷ್ಟೂ ಭಾರವಿಲ್ಲವಲ್ರೀ!" ಎಂದು ಮಗುವಿನ ಹಾಗೆ ಎತ್ತಿಕೊಂಡು ನಿಂತರು. ಇನ್ನು ಒಗ್ಗರಣೆಯ ಗತಿ ದೇವರೇ ಬಲ್ಲ.

ನಾನು ಹೋಗಿದ್ದದ್ದು ಎಫ್5ಜೆ ಪಂದ್ಯಕ್ಕೆ. ಕೈಯಲ್ಲಿ ರೇಡಿಯೋ, ಮೇಲೆ ಗ್ಲೈಡರ್. ಮೂತಿಯಲ್ಲೊಂದು ಪುಟ್ಟ ಮೋಟರು ಇರುತ್ತದೆ, ಆದರೆ 30 ಸೆಕೆಂಡು ಮಾತ್ರ. ಒಮ್ಮೆ ನಿಲ್ಲಿಸಿದ ಮೇಲೆ ಮತ್ತೆ ಚಾಲೂ ಮಾಡಿದರೆ ಆ ಹಾರಾಟವೇ ಸೊನ್ನೆ. ಆಮೇಲೆ ಗಾಳಿಯ ಋಣ ಇದ್ದಷ್ಟು ಹೊತ್ತು ತೇಲಬೇಕು. ಹತ್ತು ನಿಮಿಷದ ಅವಧಿ, ಸೆಕೆಂಡಿಗೆ ಒಂದು ಅಂಕ. ಕೊನೆಗೆ ಗುರುತಿನ ಒಂದು ಮೀಟರಿನೊಳಗೆ ಮೂತಿ ನಿಂತರೆ ಇನ್ನೂ 50, ಎರಡರೊಳಗಾದರೆ 45, ಹೀಗೇ ಇಳಿಯುತ್ತಾ ಹೋಗುತ್ತದೆ.

"ಹಾಗಾದರೆ ಮೊದಲೇ ಆಕಾಶಕ್ಕೆ ಏರಿಸಿಬಿಟ್ಟರಾಯಿತು!"

ಎಲ್ಲರಿಗೂ ಹೊಳೆಯುವ ಉಪಾಯ. ಅದಕ್ಕೇ ವಿಮಾನದ ಹೊಟ್ಟೆಯಲ್ಲೊಂದು ಎತ್ತರ ಅಳೆಯುವ ಗೂಢಚಾರ ಕೂತಿರುತ್ತದೆ. ಏರಿದ ಪ್ರತಿ ಮೀಟರಿಗೆ ಅರ್ಧ ಅಂಕ ಕಡಿತ, 200 ಮೀಟರ್ ದಾಟಿದರೆ ಮೀಟರಿಗೆ ಮೂರು. ಮೋಟರು ನಿಂತ ಮೇಲೂ 10 ಸೆಕೆಂಡು ಅದು ಕಣ್ಣು ಮುಚ್ಚುವುದಿಲ್ಲ. ಹಾಗಾಗಿ ಇದು ಜಿಪುಣರ ಆಟ. ಆದಷ್ಟು ಕೆಳಗೆ ಮೋಟರು ನಿಲ್ಲಿಸಬೇಕು, ಆದರೂ ಬೀಳಬಾರದು.

ಬೀಳದಿರಬೇಕಾದರೆ ಥರ್ಮಲ್ ಸಿಗಬೇಕು, ಅಂದರೆ ನೆಲ ಕಾದು ಮೇಲೇಳುವ ಗಾಳಿ. ಉತ್ತ ಹೊಲ, ಡಾಂಬರು ಹಾಸಿದ ಜಾಗ ಬೇಗ ಕಾಯುತ್ತವೆ. ಬಿಸಿಗಾಳಿ ಎದ್ದ ಕಡೆಗೆ ಸುತ್ತಲಿನ ಗಾಳಿ ನುಗ್ಗುತ್ತದೆ. ಕೋಲಿಗೆ ಕಟ್ಟಿದ ರಿಬ್ಬನ್ನು ಇದ್ದಕ್ಕಿದ್ದಂತೆ ದಿಕ್ಕು ಬದಲಿಸುತ್ತದೆ, ಕತ್ತಿನ ಹಿಂದೆ ತಣ್ಣಗಾಗುತ್ತದೆ. ಬೆನ್ನಿಗೆ ಗಾಳಿ ತಗಲಿತೋ, ಮೂಗಿನ ನೇರಕ್ಕೆ ಹೋಗು ಎಂದರ್ಥ. ಎಲ್ಲಕ್ಕಿಂತ ನಂಬಿಗಸ್ತರು ಹಕ್ಕಿಗಳು. ಇಲ್ಲಿನ ಟರ್ಕಿ ರಣಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿದ್ದರೆ ಅದರ ಕೆಳಗೆ ನುಸುಳುವುದಕ್ಕೆ ನಾಚಿಕೆಯೇ ಇಲ್ಲ.

"ನಮ್ಮೂರ ಕೆರೆ ಮೇಲೆ ಗರುಡ ಸುತ್ತೋದು ಇದಕ್ಕೇನಾ? ದೇವಸ್ಥಾನಕ್ಕೆ ಪ್ರದಕ್ಷಿಣೆ ಅಂತ ನಮ್ಮಜ್ಜಿ ಕೈ ಮುಗಿಸೋರು." ನಾನು ಅಜ್ಜಿಯ ಮಾತನ್ನು ತಳ್ಳಿಹಾಕಲಿಲ್ಲ. ಪಂದ್ಯದ ದಿನ ಹದ್ದು ಕಂಡರೆ ಒಳಗೊಳಗೇ ನಾನೂ ಕೈ ಮುಗಿಯುತ್ತೇನೆ.

ಸಿಕ್ಕ ಮೇಲೂ ನಿಶ್ಚಿಂತೆಯಿಲ್ಲ. ಥರ್ಮಲ್ ಗಾಳಿಯ ಜೊತೆ ದೂರ ಸರಿಯುತ್ತದೆ. ಅದರೊಳಗೆ ಸುತ್ತುತ್ತಾ ಹೋದ ವಿಮಾನ ಸಾಸಿವೆ ಕಾಳಾಗುತ್ತದೆ, ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ. ಗುರುತಿನಿಂದ 75 ಮೀಟರ್ ಆಚೆ ಇಳಿದರೆ ಅಷ್ಟು ಹೊತ್ತು ತೇಲಿಸಿದ್ದೂ ವ್ಯರ್ಥ.

ಇದಕ್ಕಿಂತ ಹುಚ್ಚಿನವರೂ ಇದ್ದಾರೆ ಎಂದೆ, ನನ್ನ ಸಮಾಧಾನಕ್ಕೆ. 1969ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಲೀಗ್ ಆಫ್ ಸೈಲೆಂಟ್ ಫ್ಲೈಟ್' ಐದು ಮೆಟ್ಟಿಲು ಇಟ್ಟಿದೆ. ಕೊನೆಯ ಮೆಟ್ಟಿಲಿಗೆ ಥರ್ಮಲಿನಲ್ಲಿ ಎರಡು ಗಂಟೆ, ಗುಡ್ಡದ ಇಳಿಜಾರಿಗೆ ಬಡಿದೇಳುವ ಗಾಳಿಯಲ್ಲಿ ಎಂಟು ಗಂಟೆ ಹಾರಿಸಬೇಕು.

"ಎಂಟು ಗಂಟೆ ಒಂದೇ ಸಮನೆ? ಮತ್ತೆ... ಒಂದಕ್ಕೆ?"

ನಾನಿನ್ನೂ ಎರಡನೇ ಮೆಟ್ಟಿಲಲ್ಲಿದ್ದೇನೆ, ಕೇಳಬೇಡಿ ಎಂದೆ.

"ಅದಿರಲಿ, ಇವತ್ತೇನಾಯಿತು?"

ಈ ಪ್ರಶ್ನೆಗೆ ಹೆದರಿಯೇ ಇಷ್ಟು ಹೊತ್ತು ಸುತ್ತಿಬಳಸಿದ್ದು. ಹದ್ದೊಂದು ಕಂಡಿತ್ತು. ದುರಾಸೆಯಿಂದ ಅರವತ್ತೇ ಮೀಟರಿಗೆ ಮೋಟರು ನಿಲ್ಲಿಸಿದೆ. ನಾನು ತಲುಪುವಷ್ಟರಲ್ಲಿ ಹದ್ದು ರೆಕ್ಕೆ ಬಡಿದು ಹೊರಟುಹೋಯಿತು. ನಾಲ್ಕನೇ ನಿಮಿಷಕ್ಕೆ ನೆಲ ಕಂಡೆ, ಇಳಿದದ್ದಕ್ಕೆ ಮಾತ್ರ 45. ಗುಂಪಿನಲ್ಲಿ ಗೆದ್ದವನು 140 ಮೀಟರಿನವರೆಗೆ ಏರಿಸಿ 9 ನಿಮಿಷ 58 ಸೆಕೆಂಡು ತೇಲಿದ, ಗುರುತಿನ ಪಕ್ಕದಲ್ಲೇ ಇಳಿದ. ಮೊದಲಿಗನ ಮೊತ್ತವನ್ನು ಸಾವಿರ ಅಂತ ಹಿಡಿದು ಉಳಿದವರಿಗೆ ಅದೇ ಪ್ರಮಾಣದಲ್ಲಿ ಹಂಚುತ್ತಾರೆ.

ಮೇಷ್ಟ್ರು ಕಣ್ಣು ಮುಚ್ಚಿದರು. "ಅವನದು 578, ನಿಮ್ಮದು 255. ಸಾವಿರಕ್ಕೆ ನಾನೂರ ನಲವತ್ತೊಂದು. ಎತ್ತರದಲ್ಲಿ ನಲವತ್ತು ಅಂಕ ಉಳಿಸೋಕೆ ಹೋಗಿ ಮುನ್ನೂರ ಐವತ್ತೆಂಟು ಸೆಕೆಂಡು ಕಳಕೊಂಡಿರಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಕಣ್ರೀ."

ಪೆಟ್ಟು ಸರಿಯಾಗಿಯೇ ಬಿತ್ತು. ಆದರೆ ಇಂಥ ತಲೆ ನನ್ನ ಪಕ್ಕದಲ್ಲಿ ಇರಬೇಕಿತ್ತು. ಪ್ರತಿಯೊಬ್ಬನಿಗೂ ಒಬ್ಬ ಸಹಾಯಕ ಇರಬಹುದು: ಗಡಿಯಾರ ನೋಡುವುದು, ಬೇರೆಯವರ ವಿಮಾನ ಎಲ್ಲಿ ಏರುತ್ತಿದೆ ಎಂದು ಪಿಸುಗುಟ್ಟುವುದು, ಕೊನೆಯ ಸೆಕೆಂಡುಗಳನ್ನು ಗಟ್ಟಿಯಾಗಿ ಎಣಿಸುವುದು. ಅವಧಿ ಮೀರಿ ನೆಲ ಮುಟ್ಟಿದರೆ ಇಳಿದ ಅಂಕ ಹೋಯಿತು. ಮುಂದಿನ ಪಂದ್ಯಕ್ಕೆ ಬರುತ್ತೀರಾ ಎಂದೆ.

"ಎಣಿಸೋದು ಕನ್ನಡದಲ್ಲಿ ಆಗುತ್ತಾ?"

ನನಗೆ ಕೇಳಿಸಿದರೆ ಸಾಕು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ರೆಕ್ಕೆಯ ತುಂಡನ್ನು ಬೇಲಿಯ ಮೇಲೆ ನಿಧಾನವಾಗಿ ಇಳಿಸುತ್ತಾ ಶುರುಮಾಡಿದರು: "ಹತ್ತು, ಒಂಬತ್ತು, ಎಂಟು..." ಮೂರಕ್ಕೆ ಬರುವಷ್ಟರಲ್ಲಿ ಅವರ ಅಡುಗೆಮನೆಯಿಂದ ಸಾಸಿವೆ ಸೀದ ವಾಸನೆ ಬಂತು.