ಕ್ಲಚ್ಚೂ ಕಾಕಾನೂ

ಭಾರತ ಹುಣ್ಣಿಮೆಯ ಗದ್ದಲದಲ್ಲಿ ಉಗರಗೋಳದಿಂದ ಎಲ್ಲಮ್ಮನ ಗುಡ್ಡಕ್ಕೆ ಹಾಫ್ ಕ್ಲಚ್ಚಿನಲ್ಲೇ ತೆವಳಿದ ಕಾರು ಮೊದಲು ಸುಟ್ಟ ವಾಸನೆ ಹೊಡೆಯುತ್ತದೆ. ಆಮೇಲೆ ಎಂಜಿನ್ ಒದರುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ನಮ್ಮನ್ನು ದಾಟಿ ಹೋಗುವ ಚಕ್ಕಡಿ ಎತ್ತುಗಳ ನೋಟವಿದೆಯಲ್ಲ, ಅದು ಯಾರಿಗೂ ಬೇಡ.

"ಬರೇ ಒಂದ್ ಕ್ಲಚ್ ಪ್ಲೇಟ್ ಹಾಕೂದು, ಮನ್ಯಾಗ ಮಾಡೂಣು ತಗೋ" ಅನ್ನುತ್ತಾನೆ ಕಾಕಾ. ಆ ಪ್ಲೇಟು ಕೈಗೆ ಸಿಗಬೇಕೆಂದರೆ ಬ್ಯಾಟರಿ ಬಿಚ್ಚಿ, ಎರಡೂ ಆಕ್ಸಲ್ ಎಳೆದು, ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು. ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗುಗಳನ್ನೂ ಜೊತೆಗೇ ಬದಲಿಸದಿದ್ದರೆ ಮತ್ತೆ ಬಿಚ್ಚುವ ಯೋಗ. ನಮ್ಮ ಹತ್ತಿರ ಇರುವುದು ಟೈರಿನ ಜಾಕು, ಕಾಕಾನ ಧೈರ್ಯ.

ಕೇಬಲ್ ಕ್ಲಚ್ಚಾದರೆ ಆ ಕೇಬಲ್ಲನ್ನಷ್ಟು ಹೊಂದಿಸಿ ನೋಡಬಹುದು. ಬಗ್ಗದಿದ್ದರೆ ಸವದತ್ತಿಯ ಗ್ಯಾರೇಜೇ ಗತಿ. ಅಲ್ಲಿಗೂ ಕಾಕಾ ಬರುತ್ತಾನೆ, ಮೇಸ್ತ್ರಿಗೆ ಹೇಳಿಕೊಡಲು.