ತಿಂಗಳ ಕೊನೆಯ ಸೀಟಿ

ನಮ್ಮ ಭಾವನವರು ಪಂಚಾಂಗ ನೋಡದೆ ಹೊಸ್ತಿಲು ದಾಟುವವರಲ್ಲ. ರಾಹುಕಾಲ, ಗುಳಿಕಕಾಲ, ಯಮಗಂಡಕಾಲ ಮೂರನ್ನೂ ತಪ್ಪಿಸಿಯೇ ಸ್ಕೂಟರಿಗೆ ಕಿಕ್ ಹೊಡೆಯುವುದು. ಈಚೆಗೆ ಅವರೇ ನಾಲ್ಕನೆಯದೊಂದನ್ನು ಸೇರಿಸಿಕೊಂಡಿದ್ದಾರೆ: ಟಾರ್ಗೆಟ್ ಕಾಲ. ಪ್ರತಿ ತಿಂಗಳು ಇಪ್ಪತ್ತೈದಕ್ಕೆ ಪ್ರವೇಶ, ಒಂದನೇ ತಾರೀಖಿಗೆ ನಿವೃತ್ತಿ. ಆ ದಿನಗಳಲ್ಲಿ ಸರ್ಕಲ್ಲಿನ ಕಡೆ ಸುಳಿಯದೆ ಸಂದಿಗೊಂದಿಯಲ್ಲೇ ಹೋಗಿ ತರಕಾರಿ ತರುತ್ತಾರೆ. “ಟ್ರಾಫಿಕ್ ಪೊಲೀಸರೂ ಕೇಸು ತುಂಬಿಸಬೇಕಲ್ಲಪ್ಪಾ, ಪಾಪ” ಎಂಬ ಅನುಕಂಪ ಬೇರೆ. ತಲೆಗೆ ಹೆಲ್ಮೆಟ್ ಹಾಕಿಕೊಂಡರೆ ಈ ಜ್ಯೋತಿಷ್ಯವೇ ಬೇಡವಲ್ಲ ಎಂದು ಅಕ್ಕ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಾಳೆ.

ಬೆಂಗಳೂರಿನಲ್ಲಿ ಈ ನಂಬಿಕೆ ಇಲ್ಲದವರೇ ಕಡಿಮೆ. ಮರದ ಹಿಂದೆ ಬಿಳಿ ಅಂಗಿ ಕಂಡರೆ ಸಾಕು, ಆಟೋದವರು ಎದುರಿಗೆ ಬರುವ ಗುರುತು ಪರಿಚಯವಿಲ್ಲದವನಿಗೂ ಕೈಸನ್ನೆ ಮಾಡುತ್ತಾರೆ. ಜಾತಿ ಮತ ಭಾಷೆ ಮೀರಿದ ಸೌಹಾರ್ದ ಊರಲ್ಲಿ ಕಣ್ಣಿಗೆ ಬೀಳುವುದು ಅಲ್ಲೊಂದೇ. ಆದರೆ ನನಗೊಂದು ಅನುಮಾನವಿದೆ. ತಿಂಗಳ ಕೊನೆಯ ದಂಡವೇ ನಮಗೆ ನೆನಪಿರುವುದಕ್ಕೆ ಪೊಲೀಸರಿಗಿಂತ ನಮ್ಮ ಜೇಬು ಹೆಚ್ಚು ಕಾರಣವಿರಬಹುದು. 2019ರ ಸೆಪ್ಟೆಂಬರಿನಲ್ಲಿ ಹೊಸ ಕಾಯ್ದೆ ಜಾರಿಯಾದಾಗ ಹೆಲ್ಮೆಟ್ ಇಲ್ಲದ ತಲೆಯ ಬೆಲೆ 1,000 ರೂಪಾಯಿಗೆ ಹಾರಿತ್ತು. ನಮ್ಮ ಸರ್ಕಾರ ಅದೇ ತಿಂಗಳು ಅದನ್ನು 500ಕ್ಕೆ ಇಳಿಸಿತು. ಆ ಐನೂರನ್ನು ಸಂಬಳದ ಮರುದಿನ ತೆತ್ತರೆ ಹಾಳಾಗಿ ಹೋಗಲಿ ಅನ್ನಿಸುತ್ತದೆ. ಇಪ್ಪತ್ತೆಂಟಕ್ಕೆ ತೆತ್ತರೆ ಮೊಮ್ಮಕ್ಕಳವರೆಗೂ ಹೇಳುವ ಕಥೆಯಾಗುತ್ತದೆ.

ಇಲಾಖೆಯವರನ್ನು ಕೇಳಿದರೆ ಟಾರ್ಗೆಟ್ಟೇ ಇಲ್ಲ ಎನ್ನುತ್ತಾರೆ. ದಂಡದ ಹಣವೂ ಠಾಣೆಗಾಗಲಿ ಹಿಡಿದವರಿಗಾಗಲಿ ಸೇರುವುದಲ್ಲ, ಸರ್ಕಾರದ ಖಜಾನೆಗೆ ಹೋಗುವುದು. ಮತ್ತೆ ಬಿಸಿಲಲ್ಲಿ ಹೊಗೆ ಕುಡಿಯುತ್ತಾ ನಿಂತು ಬೈಕಿಗೆ ಅಡ್ಡ ಹಾರುವ ಹುರುಪು ಎಲ್ಲಿಂದ ಬರಬೇಕು?

ನಮ್ಮ ಬೀದಿಯಲ್ಲಿ ನಿವೃತ್ತ ಎಎಸ್‌ಐ ಒಬ್ಬರಿದ್ದಾರೆ; ಎಲ್ಲೋ ದೂರದ ಜಿಲ್ಲೆಯಲ್ಲಿ ಕೆಲಸ ಮಾಡಿದವರು. ಹಾಲಿನ ಬೂತಿನ ಹತ್ತಿರ ಸಿಕ್ಕಾಗ ಕೇಳಿದೆ.

“ಬರೆದು ಯಾರು ಕೊಡ್ತಾರೆ ಸಾರ್? ಮೀಟಿಂಗಲ್ಲಿ ಪಟ್ಟಿ ಓದ್ತಾರೆ. ಪಕ್ಕದ ಸ್ಟೇಷನ್ನಿಂದು ಅಷ್ಟು, ನಿಮ್ಮದು ಇಷ್ಟೇನಾ ಅಂತಾರೆ. ಆ ‘ಇಷ್ಟೇನಾ’ ಇದೆಯಲ್ಲ, ಅದೇ ನಮ್ಮ ಟಾರ್ಗೆಟ್ಟು.”

ಹಾಲಿನ ಪ್ಯಾಕೆಟ್ಟನ್ನು ಎಡಗೈಗೆ ಬದಲಾಯಿಸಿಕೊಂಡು ಇನ್ನೊಂದು ಮಾತು ಹೇಳಿದರು. ಶಾಲೆ ಬಿಡುವ ಹೊತ್ತಿಗೆ ಬೆವರು ಸುರಿಸಿ ಕೈ ಬೀಸಿ, ಒಂದು ಮಗುವಿಗೂ ತರಚದಂತೆ ರಸ್ತೆ ದಾಟಿಸಿದ ದಿನ ಡೈರಿಯಲ್ಲಿ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲವಂತೆ. ಅದೇ ಹೊತ್ತು ನೆರಳಲ್ಲಿ ನಿಂತು ಹತ್ತು ಕೇಸು ಹಾಕಿದರೆ ‘ಒಳ್ಳೆ ಕೆಲಸಗಾರ’ ಎಂಬ ಹೆಸರು. ಮೇಲಧಿಕಾರಿಯ ಕಷ್ಟವೂ ಕಷ್ಟವೇ ಅನ್ನಿ. ಯಾರು ದುಡಿದರು, ಯಾರು ಬೇಕರಿ ಮುಂದೆ ಟೀ ಕುಡಿಯುತ್ತಿದ್ದರು ಎಂದು ಅವರಿಗೆ ತಿಳಿಯಬೇಕಾದರೂ ಹೇಗೆ? ಆಗದೆ ಹೋದ ಅಪಘಾತಕ್ಕೆ ಹರಿದುಕೊಡುವ ರಸೀದಿ ಪುಸ್ತಕ ಯಾವ ಮುದ್ರಣಾಲಯದಲ್ಲೂ ಅಚ್ಚಾಗಿಲ್ಲ.

2019ರಲ್ಲೇ ಬೆಂಗಳೂರಿನ ಕೆಲವು ಸರ್ಕಲ್ಲುಗಳಲ್ಲಿ ಬಟ್ಟೆ ಅಂಗಡಿಯ ಗೊಂಬೆಗಳಿಗೆ ಟೋಪಿ, ಕಪ್ಪು ಕನ್ನಡಕ ತೊಡಿಸಿ ಟ್ರಾಫಿಕ್ ಪೊಲೀಸರನ್ನಾಗಿ ನಿಲ್ಲಿಸಿದ್ದರು. ಊರೆಲ್ಲ ನಕ್ಕಿತು. ನನಗೇನೋ ಆ ಗೊಂಬೆಗಳ ಮೇಲೆ ಗೌರವ. ದೂರದಿಂದ ಕಂಡವನೊಬ್ಬ ಕಂಕುಳಲ್ಲಿದ್ದ ಹೆಲ್ಮೆಟ್ಟನ್ನು ತಲೆಗೇರಿಸಿದರೆ ಅದರ ಕೆಲಸ ಆದಂತೆಯೇ. ಆದರೆ ಮೀಟಿಂಗಿನಲ್ಲಿ ಗೊಂಬೆಯ ಲೆಕ್ಕ ಸೊನ್ನೆ.

ಟಾರ್ಗೆಟ್ಟನ್ನು ಮುಚ್ಚುಮರೆಯಿಲ್ಲದೆ ನೋಡಬೇಕಾದರೆ ಅಮೆರಿಕದ ಫ್ಲಾರಿಡಾಕ್ಕೆ ಹೋಗಬೇಕು. ಅಲ್ಲಿ ವಾಲ್ಡೊ ಎಂಬ ಪುಟ್ಟ ಊರು, ಸುಮಾರು ಸಾವಿರ ಜನ. ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿ ವೇಗದಲ್ಲಿ ಬರುವ ಕಾರಿಗೆ ಊರು ಸಮೀಪಿಸುತ್ತಿದ್ದಂತೆ ಫಲಕದ ಮೇಲೆ ಫಲಕ. ಮಿತಿ ಸರಸರನೆ 35ಕ್ಕೆ ಇಳಿದಿರುತ್ತದೆ. ಬ್ರೇಕ್ ಒತ್ತುವಷ್ಟರಲ್ಲಿ ಹಿಂದೆ ಪೊಲೀಸ್ ದೀಪ. ಏಳು ಮಂದಿ ಪೊಲೀಸರು 2013ರಲ್ಲಿ ಬರೆದ ಟಿಕೆಟ್ಟುಗಳು ಹತ್ತಿರ ಹತ್ತಿರ 12,000; ಊರಿನ ಆದಾಯದ ಮೂರನೇ ಒಂದು ಪಾಲು ಅದರಿಂದಲೇ. ನಮ್ಮ ಆಟೋದವರ ಕೈಸನ್ನೆಯ ಕೆಲಸವನ್ನು ಅಲ್ಲಿ ವಾಹನ ಮಾಲೀಕರ ದೊಡ್ಡ ಸಂಘವೊಂದು ವಹಿಸಿಕೊಂಡು, ಮುಂದೆ ವಾಲ್ಡೊ ಇದೆ ಜೋಕೆ ಎಂದು ರಸ್ತೆ ಬದಿಗೆ ಜಾಹೀರಾತು ಫಲಕವನ್ನೇ ನಿಲ್ಲಿಸಿತ್ತು. ಕಡೆಗೆ 2014ರಲ್ಲಿ ಅಲ್ಲಿನ ಪೊಲೀಸರೇ ಊರಿನ ಸಭೆಗೆ ಬಂದು, 12 ಗಂಟೆಯ ಪಾಳಿಗೆ 12 ಟಿಕೆಟ್ ಬರೆಯಬೇಕೆಂದು ಸಾಹೇಬರ ಅಪ್ಪಣೆ ಎಂದು ದೂರಿದರು. ಫ್ಲಾರಿಡಾದಲ್ಲಿ ಅದು ಕಾನೂನುಬಾಹಿರ. ಆ ವರ್ಷವೇ ಊರಿನವರು ಪೊಲೀಸ್ ಇಲಾಖೆಯನ್ನೇ ಮುಚ್ಚಿಬಿಟ್ಟರು. ಸಂಬಳವನ್ನು ತಾವೇ ವಸೂಲು ಮಾಡಿಕೊಳ್ಳಿ ಎಂದು ಹೊರಗೆ ಬಿಟ್ಟ ಮೇಲೆ ಆ ಪೊಲೀಸರಾದರೂ ಏನು ಮಾಡಿಯಾರು?

ನ್ಯೂಯಾರ್ಕಿನದು ಇಷ್ಟು ತಮಾಷೆಯ ಕಥೆಯಲ್ಲ. ಅಲ್ಲಿ ಏಡ್ರಿಯನ್ ಸ್ಕೂಲ್‌ಕ್ರಾಫ್ಟ್ ಎಂಬ ಪೊಲೀಸ್ ಅಧಿಕಾರಿ ಠಾಣೆಯಲ್ಲಿ ಹಾಜರಿ ಹೊತ್ತಿನ ‘ಇಷ್ಟೇನಾ’ಗಳನ್ನೆಲ್ಲ ಗುಟ್ಟಾಗಿ ಧ್ವನಿಮುದ್ರಿಸಿಕೊಂಡ. 2009ರಲ್ಲಿ ಸಹೋದ್ಯೋಗಿಗಳೇ ಅವನನ್ನು ಮನೆಯಿಂದ ಎತ್ತಿಕೊಂಡು ಹೋಗಿ ಆರು ದಿನ ಮಾನಸಿಕ ಚಿಕಿತ್ಸೆಯ ವಾರ್ಡಿನಲ್ಲಿ ಇರಿಸಿದರು. ಆಮೇಲೆ ನಗರಾಡಳಿತ ಅವನಿಗೆ 6 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಲ್ಲೂ ಕೋಟಾ ನಿಷಿದ್ಧವೇ. ಅದನ್ನೇ ‘ಉತ್ಪಾದಕತೆ’ ಎಂದು ಕರೆದರೆ ಯಾರೂ ತಕರಾರು ಎತ್ತುವುದಿಲ್ಲ.

ಈಗ ಬೆಂಗಳೂರಿನ ಸರ್ಕಲ್ಲುಗಳಲ್ಲಿ ಕ್ಯಾಮೆರಾಗಳು ಬಂದಿವೆ. ಅವಕ್ಕೆ ಮೀಟಿಂಗಿಲ್ಲ, ಬಡ್ತಿಯಿಲ್ಲ, ಮೊದಲ ವಾರ ಕೊನೆಯ ವಾರ ಎಂಬ ಭೇದವಿಲ್ಲ; ಸಿಗ್ನಲ್ ಹಾರಿದವನ ಲೆಕ್ಕ ತಣ್ಣಗೆ ಬರೆದಿಡುತ್ತವೆ. ಆ ಲೆಕ್ಕ ಬೆಳೆದು ಬೆಟ್ಟವಾದಾಗ, 2023ರ ಫೆಬ್ರುವರಿಯಲ್ಲಿ ಸರ್ಕಾರ ಬಾಕಿ ದಂಡದಲ್ಲಿ ಅರ್ಧಕ್ಕರ್ಧ ರಿಯಾಯಿತಿ ಸಾರಿತು. ಯಾರೂ ಸೀಟಿ ಊದಲಿಲ್ಲ, ಮರದ ಮರೆಯಲ್ಲಿ ನಿಲ್ಲಲಿಲ್ಲ. ಜನ ತಾವಾಗಿಯೇ ಸಾಲುಗಟ್ಟಿ, ಸರ್ವರ್ ನಿಧಾನವಾಯಿತೆಂದು ಪೊಲೀಸರನ್ನೇ ಗದರಿಸಿ ದುಡ್ಡು ಕಟ್ಟಿದರು. ಒಂಬತ್ತು ದಿನಕ್ಕೆ ಬೆಂಗಳೂರೊಂದರಿಂದಲೇ ಸುಮಾರು 120 ಕೋಟಿ ರೂಪಾಯಿ! ಯಾವ ಸಾಹೇಬರ ‘ಇಷ್ಟೇನಾ’ಗೂ ಇಷ್ಟು ಬಲವಿರಲಿಲ್ಲ.

ಮಾರ್ಚಿನಲ್ಲಿ ಇನ್ನೊಮ್ಮೆ ರಿಯಾಯಿತಿ ಬಂತು. 2025ರ ಆಗಸ್ಟಿನಲ್ಲಿ ಮತ್ತೆ ಬಂತು. ಹೀಗಾಗಿ ನಮ್ಮ ಬೀದಿಯಲ್ಲಿ ಈಗ ದಂಡ ಕಟ್ಟುವ ಅವಸರ ಯಾರಿಗೂ ಇಲ್ಲ. ಮೊಬೈಲಿಗೆ ಬಂದ ನೋಟಿಸನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು, ಮುಂದಿನ ಸಲ ಯಾವಾಗ ಬಿಡಬಹುದು ಎಂದು ವಿಚಾರಿಸುತ್ತಿರುತ್ತಾರೆ.