ಪ್ರಾಂಪ್ಟ್‌ವರ್ಣದೋಷ ಮೀಮಾಂಸೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಎಂಬ ಐದು ತಾಲ್ಲೂಕುಗಳನ್ನು ಪ್ರಸ್ತುತ ಗ್ರಂಥದ ಕ್ಷೇತ್ರಮಿತಿಯಾಗಿ ಅಂಗೀಕರಿಸಲಾಗಿದೆ. ಗಡಿಯಾಚೆಯ ಮಿರಜಿನಲ್ಲಿಯೂ ಬ್ಯಾಶ್ ಇದೇ ರೀತಿ ವರ್ತಿಸುವುದರಿಂದ ಈ ಮಿತಿಗೆ ಯಾವ ಪ್ರಯೋಜನವೂ ಇಲ್ಲವಾದರೂ, ಕ್ಷೇತ್ರಮಿತಿಯಿಲ್ಲದ ಸಂಶೋಧನೆಗೆ ವಿದ್ವತ್ಸಭೆಯಲ್ಲಿ ಮಣೆ ದೊರೆಯುವುದಿಲ್ಲ. ಬ್ಯಾಶ್ ಎಂಬುದು 1989ರಲ್ಲಿ ಬ್ರಯನ್ ಫಾಕ್ಸ್ ರಚಿಸಿದ ಶೆಲ್, ಅರ್ಥಾತ್ ಬಳಕೆದಾರನು ಟೈಪಿಸಿದ ಆಜ್ಞೆಯನ್ನು ಓದಿ ಕಂಪ್ಯೂಟರಿನಿಂದ ಮಾಡಿಸುವ ಮಧ್ಯಸ್ಥ. ಆಜ್ಞೆಗಾಗಿ ಕಾದಿರುವುದನ್ನು ಸೂಚಿಸಲು ಅದು ಸಾಲಿನ ಮೊದಲಿಗೆ ತೋರಿಸುವ, ಸಾಮಾನ್ಯವಾಗಿ ಡಾಲರ್ ಚಿಹ್ನೆಯಲ್ಲಿ ಮುಗಿಯುವ ಬರಹವೇ ಪ್ರಾಂಪ್ಟ್. ಈ ಬರಹದ ರೂಪವನ್ನು ಪಿಎಸ್1 ಎಂಬ ಹೆಸರಿನಡಿ ಇರಿಸಲಾಗಿರುತ್ತದೆ.

ಪ್ರಾಂಪ್ಟಿಗೆ ಬಣ್ಣ ಹಚ್ಚುವ ವರ್ಣವಿಧಿಯು ಬ್ಯಾಶ್‌ಗಿಂತ ಹಳೆಯದು. ಎಸ್ಕೇಪ್ ಎಂಬ ಅಗೋಚರ ಅಕ್ಷರ, ಒಂದು ಚೌಕ ಕಂಸ, ಒಂದು ಸಂಖ್ಯೆ, ಕೊನೆಗೆ ಎಮ್ ಎಂಬ ಅಕ್ಷರ ಇಷ್ಟು ಕೂಡಿದರೆ ಟರ್ಮಿನಲ್, ಅರ್ಥಾತ್ ಶೆಲ್‌ನ ಬರಹವನ್ನು ತೋರಿಸುವ ತೆರೆ, ಬಣ್ಣ ಬದಲಿಸುತ್ತದೆ. ಕೆಂಪಿಗೆ 31, ಹಸಿರಿಗೆ 32, ಹಳದಿಗೆ 33, ನೀಲಿಗೆ 34. ಹಳದಿಗೆ 33 ಬಂದುದು ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ತೂರುವ ಅರಿಶಿನದ ಭಂಡಾರದಿಂದ ಎಂಬ ವಾದವನ್ನು ಇದುವರೆಗೆ ಯಾರೂ ಮಂಡಿಸಿಲ್ಲ. ಆದರೂ ಮುಂದೆ ಯಾರಾದರೂ ಮಂಡಿಸುವ ಸಂಭವವಿರುವುದರಿಂದ ಅದನ್ನು ಇಲ್ಲಿಯೇ ಖಂಡಿಸುವುದು ಉಚಿತ. ಕೆಂಪಿಗೆ 1, ಹಸಿರಿಗೆ 2, ನೀಲಿಗೆ 4 ಎಂದು ಎಣಿಸಿದಾಗ, ಕೆಂಪು ಮತ್ತು ಹಸಿರು ಬೆಳಕು ಬೆರೆತು ಹಳದಿಯಾಗುವುದರಿಂದ ಅದಕ್ಕೆ 3 ಸಲ್ಲುತ್ತದೆ, ಅಕ್ಷರದ ಬಣ್ಣವೆಂಬುದನ್ನು ತಿಳಿಸುವ 30 ಅದಕ್ಕೆ ಕೂಡಿ 33 ಆಗುತ್ತದೆ. ನವೆಂಬರಿನಲ್ಲಿ ಪ್ರಾಂಪ್ಟಿಗೆ ಹಳದಿ-ಕೆಂಪು ಹಚ್ಚುವ ಅಭಿಮಾನಿಯು ಬಣ್ಣವನ್ನು ಹಿಂತೆಗೆಯುವ 0 ಎಂಬ ಸಂಖ್ಯೆಯನ್ನು ಕೊನೆಯಲ್ಲಿ ಮರೆತರೆ, ಮುಂದೆ ಟೈಪಿಸಿದ ಆಜ್ಞೆಯೂ ಕೆಂಪಾಗಿಯೇ ಮುಂದುವರಿಯುತ್ತದೆ. ರಾಜ್ಯೋತ್ಸವವು ಡಿಸೆಂಬರಿಗೂ ಹಬ್ಬುವುದು ಈ ಸೀಮೆಗೆ ಹೊಸದಲ್ಲವಾದ್ದರಿಂದ ಇದನ್ನು ದೋಷವೆಂದು ಗಣಿಸಬೇಕೇ ಎಂಬುದು ವಿವಾದಾಸ್ಪದ.

ರೋಗಿಯ ದೂರು ಸಾಮಾನ್ಯವಾಗಿ ‘ಕಲರ್ ಬರವಲ್ದು’ ಎಂಬ ಎರಡು ಪದಗಳಲ್ಲಿ ಮುಗಿಯುತ್ತದೆ. ಇದರ ನಿದಾನವನ್ನು ಬಣ್ಣದಲ್ಲಿ ಹುಡುಕುವವನು ಸಂಜೆಯವರೆಗೆ ಹುಡುಕುತ್ತಾನೆ, ಏಕೆಂದರೆ ದೋಷವು ಬಹುತೇಕ ಬೇರೆಡೆ ಇರುತ್ತದೆ. ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಬ್ಯಾಶ್‌ನ ಹೊಂದಿಕೆಗಳನ್ನಿಡುವ ಡಾಟ್ ಬ್ಯಾಶ್‌ಆರ್‌ಸಿ ಕಡತವು ಟರ್ಮಿನಲ್ಲಿನ ಬಗೆಯನ್ನು ತಿಳಿಸುವ ಟರ್ಮ್ ಎಂಬ ಹೆಸರಿನ ಬೆಲೆಯನ್ನು ನೋಡಿ, ಅದು 256ಕಲರ್ ಎಂದು ಮುಗಿದರೆ ಅಥವಾ ಎಕ್ಸ್‌ಟರ್ಮ್-ಕಲರ್ ಆಗಿದ್ದರೆ ಬಣ್ಣ ಹಾಕುತ್ತದೆ, ಬರಿಯ ಸ್ಕ್ರೀನ್ ಎಂದಿದ್ದರೆ ವಿಧವೆಯ ಸೀರೆಯುಡಿಸಿ ಕೂರಿಸುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ಕುಟಿಲವಾದುದು. ಲಾಗಿನ್ ಶೆಲ್, ಅಂದರೆ ಹೆಸರು-ಪಾಸ್‌ವರ್ಡ್ ಕೊಟ್ಟು ಪ್ರವೇಶಿಸಿದಾಗ ತೆರೆಯುವ ಶೆಲ್, ಡಾಟ್ ಬ್ಯಾಶ್ ಪ್ರೊಫೈಲ್, ಡಾಟ್ ಬ್ಯಾಶ್ ಲಾಗಿನ್, ಡಾಟ್ ಪ್ರೊಫೈಲ್ ಎಂಬ ಮೂವರಲ್ಲಿ ಮೊದಲು ಸಿಕ್ಕವನನ್ನು ಮಾತ್ರ ಓದಿ ಉಳಿದವರನ್ನು ತಿರಸ್ಕರಿಸುತ್ತದೆ. ಬ್ಯಾಶ್‌ಆರ್‌ಸಿಯನ್ನು ಕರೆತರುವ ಹೊಣೆ ಉಬುಂಟುವಿನಲ್ಲಿ ಮೂರನೆಯವನಾದ ಡಾಟ್ ಪ್ರೊಫೈಲ್‌ನದು. ಯಾವುದೋ ತಂತ್ರಾಂಶವು ಸದ್ದಿಲ್ಲದೆ ಡಾಟ್ ಬ್ಯಾಶ್ ಪ್ರೊಫೈಲ್ ಒಂದನ್ನು ಸೃಷ್ಟಿಸಿತೆಂದರೆ ಮೂರನೆಯವನು ಮೂಲೆಗುಂಪಾಗುತ್ತಾನೆ, ಅವನೊಡನೆ ಬಣ್ಣವೂ ಹೋಗುತ್ತದೆ. ಬಳಕೆದಾರನೋ, ಯಾರೂ ಓದದ ಬ್ಯಾಶ್‌ಆರ್‌ಸಿಯಲ್ಲಿ 32ನ್ನು 33 ಮಾಡುತ್ತ, 33ನ್ನು 32 ಮಾಡುತ್ತ ಕುಳಿತಿರುತ್ತಾನೆ.

ಬಣ್ಣ ಬಂದ ಮೇಲೆ ಕಾಡುವ ದೋಷವೇ ನಿಜವಾದ ವಿದ್ವತ್ತಿಗೆ ಅರ್ಹವಾದುದು. ಉದ್ದನೆಯ ಆಜ್ಞೆ ಟೈಪಿಸಿದರೆ ಅದು ಕೆಳಸಾಲಿಗೆ ಇಳಿಯುವ ಬದಲು ತನ್ನ ಮೇಲೆಯೇ ಬಿದ್ದು ಪ್ರಾಂಪ್ಟನ್ನು ಅಳಿಸುತ್ತದೆ, ಇದನ್ನು ‘ಒಂದರ ಮ್ಯಾಲೊಂದು ಬರಾಕತ್ತೈತಿ’ ಎಂದು ವರ್ಣಿಸಲಾಗುತ್ತದೆ. ಸಾಲು ಎಲ್ಲಿ ತುಂಬುವುದೆಂದು ತಿಳಿಯಲು ಬ್ಯಾಶ್ ಪ್ರಾಂಪ್ಟಿನ ಅಕ್ಷರಗಳನ್ನು ಎಣಿಸುತ್ತದೆ. ಉಬುಂಟುವಿನ ದಪ್ಪ ಹಸಿರಿನ ಸಂಕೇತಕ್ಕೆ 8 ಅಕ್ಷರ, ಹಿಂತೆಗೆಯುವ ಸಂಕೇತವನ್ನು ಎರಡು ಸೊನ್ನೆಯಿಟ್ಟು ಬರೆದರೆ ಅದಕ್ಕೆ 5, ಹೀಗೆ ತೆರೆಯ ಮೇಲೆ ಒಂದಂಗುಲ ಜಾಗವನ್ನೂ ಹಿಡಿಯದ 13 ಅಕ್ಷರಗಳು ಲೆಕ್ಕಕ್ಕೆ ಸೇರಿಬಿಡುತ್ತವೆ. ಕಬ್ಬಿನ ಟ್ರೇಲರನ್ನು ಕಾಟಾದ ಮೇಲೆ ತುಂಬಿದಾಗೊಮ್ಮೆ ತೂಗಿ, ಖಾಲಿಯಾದ ಮೇಲೆ ತೂಗುವುದನ್ನೇ ಬಿಟ್ಟರೆ ಕಬ್ಬಿಣವೂ ಕಬ್ಬೆಂದು ಎಣಿಕೆಯಾಗುವಂತೆಯೇ ಇದು. ಕಾಟಾದ ಲೆಕ್ಕದಲ್ಲಿ ಇಂಥ ಪ್ರಮಾದ ರೈತನ ಪರವಾಗಿ ಎಂದೂ ನಡೆಯುವುದಿಲ್ಲವೆಂಬ ನುರಿಸುವ ಹಂಗಾಮಿನ ಲೋಕಾಭಿಪ್ರಾಯವನ್ನು ಇಲ್ಲಿ ದಾಖಲಿಸಿ ಬಿಡಲಾಗಿದೆ. ಪರಿಹಾರವು ಸರಳ: ಪ್ರತಿ ವರ್ಣಸಂಕೇತದ ಎರಡೂ ಬದಿಗೆ ಬ್ಯಾಕ್‌ಸ್ಲ್ಯಾಶ್ ಹೊತ್ತ ಚೌಕ ಕಂಸವನ್ನು ಇಟ್ಟರೆ, ಅವುಗಳ ನಡುವಿನದನ್ನು ಎಣಿಸಬಾರದೆಂದು ಬ್ಯಾಶ್ ಅರಿಯುತ್ತದೆ. ಕಂಸವನ್ನು ತೆರೆದು ಮುಚ್ಚದೆ ಬಿಟ್ಟವನಿಗೆ ಎಣಿಕೆ ಇನ್ನೊಂದು ದಿಕ್ಕಿನಲ್ಲಿ ತಪ್ಪುತ್ತದೆ, ಅದಕ್ಕೆ ಪ್ರತ್ಯೇಕ ಅಧ್ಯಾಯದ ಅಗತ್ಯವಿಲ್ಲ.

ಕಪ್ಪು ತೆರೆಯ ಮೇಲೆ 34ರ ನೀಲಿ ಓದಲಾಗದೆಂಬ ದೂರು ಸಮರ್ಥನೀಯವೇ ಆದರೂ ಅದು ಶೆಲ್‌ನ ದೋಷವಲ್ಲ, ಟರ್ಮಿನಲ್ಲಿನ ಬಣ್ಣಪಟ್ಟಿಯದು. ಜಡ್‌ಶೆಲ್ ಎಂಬ ಅನ್ಯ ಶಾಖೆಯನ್ನು ಅನುಸರಿಸುವವರು, ಅಂದರೆ 2019ರಿಂದೀಚೆಗಿನ ಮ್ಯಾಕ್ ಬಳಸುವವರಲ್ಲಿ ಬಹುಪಾಲು, ಇದೇ ಕಂಸಗಳನ್ನು ಅಲ್ಲಿ ಇಟ್ಟರೆ ಅವು ಕೆಲಸ ಮಾಡದೆ ಪ್ರಾಂಪ್ಟಿನಲ್ಲಿ ಹಾಗೆಯೇ ಅಚ್ಚಾಗುತ್ತವೆ. ಆ ಶಾಖೆಯಲ್ಲಿ ಶೇಕಡಾ ಚಿಹ್ನೆ ಹೊತ್ತ ಪುಷ್ಪಕಂಸ ವಿಹಿತವೆಂದಷ್ಟೇ ತಿಳಿಸಿ, ಉಳಿದುದಕ್ಕೆ ಅವರು ಬೇರೆ ಗುರುವನ್ನು ಅರಸತಕ್ಕದ್ದು ಎಂದು ವಿಧಿಸಲಾಗಿದೆ.